ಕರಿಬೆಟಗೇರಿಯ ಸಾಲಮಿತಿ ವಿಜಯ

ಎಲೈ ಕೋರಂ ದೇವತೆಯೇ! ಸಭಾಭವನದ ಕಿರುಗುಟ್ಟುವ ಫ್ಯಾನಿನಡಿಯಲ್ಲಿ ನಿತ್ಯವಾಸಿನಿಯೇ, ಸದಸ್ಯರು ಸಾಕಷ್ಟು ಕುಳಿತರೆ ಪ್ರತ್ಯಕ್ಷಳಾಗಿ, ಅವರಲ್ಲೊಬ್ಬನು ಎಲೆಅಡಿಕೆ ಉಗುಳಲೆಂದು ಎದ್ದು ಹೊರಹೋದರೆ ಅಂತರ್ಧಾನಳಾಗುವ ಚಂಚಲೆಯೇ, ಈ ಬಡ ಕಥೆಗಾರನ ನಾಲಿಗೆಯ ಮೇಲೆ ಬಂದು ಕೂಡು. ಕೂತ ಮೇಲೆ ದಯವಿಟ್ಟು ಕಥೆ ಮುಗಿಯುವ ತನಕ ಸಭಾತ್ಯಾಗ ಮಾಡಬೇಡ. ಏಕೆಂದರೆ ನಾನೀಗ ಹೇಳಹೊರಟಿರುವುದು ಸಾಮಾನ್ಯ ಜಗಳವಲ್ಲ. ಕಲಿಯುಗದ ಪ್ರಥಮ ಪಾದದಲ್ಲಿ, ಆರ್ಥಿಕ ವರ್ಷದ ಅಂತ್ಯ ಪಾದದಲ್ಲಿ, ಮಾರ್ಚ್ ಎಂಬ ಘೋರ ಮಾಸದಲ್ಲಿ, ಸಮಸ್ತ ಭೂಮಂಡಲಕ್ಕೆ ತಿಲಕಪ್ರಾಯವಾದ ಕರಿಬೆಟಗೇರಿ ಪುರಸಭೆಯಲ್ಲಿ ಇಪ್ಪತ್ತೆರಡು ಮಂದಿ ಮಹಾರಥಿಗಳು ಸಾಲದ ಮಿತಿಯೆಂಬ ಒಂದು ಗೆರೆಗಾಗಿ ಕಾದಾಡಿದ ಕಥೆಯಿದು.

ಮೊದಲು ವೀರರನ್ನು ಸ್ಮರಿಸೋಣ. ಎಡಗಡೆಯ ಕುರ್ಚಿಗಳ ಒಡೆಯ ಚನಮಲ್ಲಪ್ಪಗೌಡ ಕುರುವಿನಕೊಪ್ಪ. ಗುತ್ತಿಗೆದಾರಜನಕಲ್ಪವೃಕ್ಷ, ಗಂಜಿಗೊಳಿಸಿದಧವಳವಸ್ತ್ರವಿರಾಜಿತ, ಊರಿನ ಪ್ರತಿಯೊಂದು ವಿದ್ಯುತ್ ಕಂಬದಿಂದಲೂ ಕೈಮುಗಿದು ನಗುವವನು. ಬಲಗಡೆಯ ಕುರ್ಚಿಗಳ ಒಡೆಯ ವಿಠ್ಠಲಸಾ ಬಾಕಳೆ. ಸೀರೆಯಂಗಡಿಯ ಸಾರ್ವಭೌಮ, ಧಿಕ್ಕಾರಘೋಷಘನಗರ್ಜಿತಕಂಠ, ಇಡೀ ಊರು ಸಾಹುಕಾರನೆಂದು ಕರೆದರೆ ತಾನೊಬ್ಬ ಬಡ ವ್ಯಾಪಾರಿಯೆಂದು ಪ್ರತಿ ಸಭೆಯಲ್ಲಿ ಕಣ್ಣೀರಿಡುವವನು. ಇವರ ಪಕ್ಷಗಳಿಗೆ ಬೇರೆ ಬೇರೆ ಹೆಸರು, ಚಿಹ್ನೆ, ಬಣ್ಣದ ಶಾಲುಗಳಿವೆ. ಅವನ್ನು ಹೇಳಿದರೆ ನಾಳೆ ನನ್ನ ಮನೆಯ ಮುಂದೆ ಧರಣಿ ಕೂಡುವರೆಂಬ ಭಯದಿಂದ ಮಿತಿ ಏರಿಸುವವರು, ಏರಿಸದವರು ಎಂದಷ್ಟೇ ಕರೆಯುತ್ತೇನೆ. ಆ ಕಡೆ ಹನ್ನೊಂದು ತಲೆ, ಈ ಕಡೆ ಹನ್ನೊಂದು ತಲೆ. ನಡುವೆ ಅಧ್ಯಕ್ಷರ ಕುರ್ಚಿ. ಅದರ ಮೀಸಲಾತಿಯ ತಕರಾರು ಎರಡು ವರ್ಷದಿಂದ ಕೋರ್ಟಿನಲ್ಲಿ ಮಲಗಿದ್ದುದರಿಂದ ಕುರ್ಚಿ ಖಾಲಿ. ಆ ಸಭಾಭವನದಲ್ಲಿ ಮಾನ ಮರ್ಯಾದೆ ಉಳಿಸಿಕೊಂಡಿದ್ದು ಅದೊಂದೇ ಎಂದು ನನ್ನ ಅಭಿಪ್ರಾಯ.

ಇನ್ನು ಸಮರಕ್ಕೆ ಕಾರಣ. ಹೊಳೆಯ ದಂಡೆಯ ಬಾವಿಯಲ್ಲಿ ನೆಲೆಸಿ, ಹಗಲಿರುಳು ಹೂಂಕರಿಸುತ್ತ ಇಡೀ ಊರಿಗೆ ನೀರೆತ್ತುತ್ತಿದ್ದ ಹಳೆಯ ಮೋಟಾರು, ಸಂಕ್ರಾಂತಿಯ ಮರುದಿನ, ಒಂದು ಸಣ್ಣ ಹೊಗೆ ಬಿಟ್ಟು ಸುಟ್ಟುಹೋಯಿತು. ಅಂದಿನಿಂದ ಪಕ್ಕದ ಸಣ್ಣ ಮೋಟಾರು ಏದುಸಿರು ಬಿಡುತ್ತ ಹತ್ತು ದಿನಕ್ಕೊಮ್ಮೆ ನಳಕ್ಕೆ ನೀರು ಕೊಡತೊಡಗಿತು. ಹೊಸ ಮೋಟಾರು ತರಲು ಖಜಾನೆಯಲ್ಲಿ ಹಣವಿಲ್ಲ. ಸಾಲ ಮಾಡಬೇಕು. ಆದರೆ ಪುರಸಭೆಯು ಇದಕ್ಕಿಂತ ಹೆಚ್ಚು ಸಾಲ ಮಾಡಬಾರದೆಂದು ಪುರಸಭೆಯೇ ಹಾಕಿಕೊಂಡ ಮಿತಿಯೊಂದಿತ್ತು. ಆ ಮಿತಿಯನ್ನು ಮುಟ್ಟಿಯಾಗಿತ್ತು. ಮುಟ್ಟಿದ್ದು ಯಾವುದಕ್ಕೆಂದರೆ, ಊರ ಬಾಗಿಲಿಗೆ ಕಟ್ಟಿಸಿದ ಸ್ವಾಗತ ಕಮಾನಿಗೆ. ನೀರಿಲ್ಲದ ಊರಿಗೆ ಬರುವವರಿಗೆ ಸ್ವಾಗತವಾದರೂ ಇರಲಿ ಎಂದಿರಬೇಕು.

ಮಿತಿಯನ್ನು ಏರಿಸಿ ಮೋಟಾರು ತರೋಣವೆಂದು ಗೌಡ. ಏರಿಸಕೂಡದು, ಖರ್ಚು ಕಡಿಮೆ ಮಾಡಿ ತರೋಣವೆಂದು ಸಾಹುಕಾರ. ಎರಡೂ ಮಾತಿನಲ್ಲಿ ಅರ್ಥವಿದೆ ಎಂದು ಮುಗ್ಧ ಓದುಗರು ತಲೆದೂಗಬೇಡಿ. ಹಿಂದಿನ ಅವಧಿಯಲ್ಲಿ ಬಹುಮತ ಸಾಹುಕಾರನ ಕಡೆ ಇದ್ದಾಗ ಏರಿಸಿರೆಂದು ಎದೆ ಬಡಿದುಕೊಂಡವನು ಇದೇ ಸಾಹುಕಾರ, ಕೂಡದೆಂದು ಬಾವಿಗೆ ಬೀಳಹೊರಟವನು ಇದೇ ಗೌಡ. ಆಗಿನ ಭಾಷಣಗಳನ್ನು ಇಬ್ಬರೂ ಈಗ ಅದಲುಬದಲು ಮಾಡಿಕೊಂಡಿದ್ದರು, ಅಷ್ಟೇ. ಕಣ್ಣೀರು ಬರುವ ಜಾಗವೂ ಬದಲಾಗಿರಲಿಲ್ಲ.

ಫೆಬ್ರವರಿಯ ಸಭೆಯಲ್ಲಿ ಸಮರ ತಾರಕಕ್ಕೇರಿತು. ಗೌಡನು ಮೈಕನ್ನು ಗದೆಯಂತೆ ಹಿಡಿದು, ನೆಲ ನಡುಗುವಂತೆ ಎದ್ದು ನಿಂತು ನುಡಿದನು: "ಎಲವೋ ವಸ್ತ್ರವಿಕ್ರಯವಿಚಕ್ಷಣಾ! ಈ ಮಿತಿಯೆಂಬ ಕ್ಷುದ್ರರೇಖೆಯನ್ನು ನನ್ನ ವಾಮಪಾದದ ಕಿರುಬೆರಳಿನಿಂದ ಅಳಿಸಿ, ಸಾಲವೆಂಬ ಮಹಾಸಾಗರವನ್ನು ಕಡೆದು, ಮೋಟಾರೆಂಬ ಅಮೃತಕಲಶವನ್ನು ಎತ್ತಿ ತಂದು, ಮನೆಮನೆಯ ನಳದಲ್ಲಿ ಗಂಗೆಯನ್ನು ಧುಮ್ಮಿಕ್ಕಿಸದಿದ್ದರೆ ನಾನು ಕುರುವಿನಕೊಪ್ಪದ ವಂಶದಲ್ಲಿ ಹುಟ್ಟಿಯೇ ಇಲ್ಲವೆಂದು ತಿಳಿ!" ಇದು ನನ್ನ ಕಾವ್ಯದಲ್ಲಿ. ಅವನ ಬಾಯಿಂದ ನಿಜಕ್ಕೂ ಹೊರಟದ್ದು ಇಷ್ಟು: "ಏ ಸಾವ್ಕಾರಾ, ಸುಮ್ನ ಕುಂಡ್ರಲೇ. ಸಾಲಾ ಮಾಡ್ಲಾರ್ದ ಯಾವ ಊರ ಉದ್ಧಾರ ಆಗೇತಿ, ಹೇಳ ನೋಡೂಣು?"

ಅದಕ್ಕೆ ಸಾಹುಕಾರನು ಮುಂಗಡಪತ್ರದ ಪ್ರತಿಯನ್ನು ನಾಲ್ಕು ಹೋಳು ಮಾಡಿ ಅಂತರಿಕ್ಷಕ್ಕೆ ತೂರಿ, ಪ್ರಳಯಕಾಲದ ಮೇಘದಂತೆ ಮೊರೆದನು: "ಎಲವೋ ಋಣಪ್ರಿಯಾ! ಇನ್ನೂ ತಾಯಗರ್ಭದಲ್ಲಿರುವ ಶಿಶುಗಳ ತಲೆಯ ಮೇಲೆ ಸಾಲದ ಹೊರೆಯನ್ನು ಹೊರಿಸುವ ನಿರ್ದಯನೇ! ಈ ದೇಹದಲ್ಲಿ ಪ್ರಾಣವಿರುವವರೆಗೆ, ಈ ಕಂಠದಲ್ಲಿ ಧಿಕ್ಕಾರವಿರುವವರೆಗೆ, ಮಿತಿಯು ಕೂದಲೆಳೆಯಷ್ಟೂ ಮೇಲೇರದು, ಏರದು, ಏರದು!" ನಿಜದ ಮಾತು ಇದಕ್ಕಿಂತ ಚಿಕ್ಕದಿತ್ತು. "ನಿಮ್ಮಪ್ಪನ ರೊಕ್ಕೇನಲೇ ಅದು?" ಎಂದನು. ಬಳಿಕ ಮೈಕಿಗಾಗಿ ಮಲ್ಲಯುದ್ಧ ನಡೆದು, ಮೈಕು ಎರಡು ತುಂಡಾಗಿ, ವೈರು ಗೌಡನಿಗೂ ತಲೆ ಸಾಹುಕಾರನಿಗೂ ದಕ್ಕಿದವು.

ಆಗ ಬಾಗಿಲಲ್ಲಿ ಚಹಾದ ಕಿಟ್ಲಿ ಹಿಡಿದು ನಿಂತಿದ್ದವಳು ನೀಲವ್ವ ಬೂದಿಹಾಳ. ಪುರಸಭೆಯ ಎದುರಿನ ಪುರಸಭೆಯದೇ ಮಳಿಗೆಯಲ್ಲಿ ಹದಿನೈದು ವರ್ಷದಿಂದ ಖಾನಾವಳಿ ನಡೆಸುತ್ತ, ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿಯಿಂದ ಈ ಇಪ್ಪತ್ತೆರಡೂ ಹೊಟ್ಟೆಗಳನ್ನು ಪಕ್ಷಭೇದವಿಲ್ಲದೆ ತುಂಬಿದವಳು. ಗಂಡ ಬಿಟ್ಟುಹೋದ ಮೇಲೆ ಅವಳು ತನ್ನ ಕಾಲ ಮೇಲೆ ನಿಂತದ್ದು ಆ ಮಳಿಗೆಯಲ್ಲಿಯೇ. ಸಭೆಯಲ್ಲಿ ಬಾಯಿ ಹಾಕುವವಳಲ್ಲ. ಅಂದು ಹಾಕಿದಳು.

"ಗೌಡ್ರ, ಸಾವ್ಕಾರ್ರ, ನಡಬರಕ ಮಾತಾಡತೇನಿ, ಸಿಟ್ಟಾಗಬ್ಯಾಡ್ರಿ. ರೊಟ್ಟಿ ಮಾರಿ ಬಂದದ್ದೆಲ್ಲಾ ಟ್ಯಾಂಕರಿನಾಂವಗ ಹೊಂಟೈತಿ. ಏಪ್ರಿಲ್ ಒಂದಕ್ಕ ಮಳಗಿ ಕರಾರ ಮುಗೀತೈತಿ. ಅಷ್ಟ್ರಾಗ ಮೋಟಾರ ಬಂದ್ರ ಮತ್ತ ಕರಾರ ಮಾಡ್ಕೋತೇನಿ. ಇಲ್ಲಾಂದ್ರ ಮುಚ್ಚಿ, ಹುಬ್ಬಳ್ಳ್ಯಾಗ ಮಂದಿ ಮನ್ಯಾಗ ರೊಟ್ಟಿ ಬಡ್ಯಾಕ ಹೋಗೂದಾತು. ಈ ವಯಸ್ಸಿನ್ಯಾಗ ಮತ್ತೊಬ್ಬರ ಒಲಿ ಮುಂದ ಕುಂಡ್ರಸಬ್ಯಾಡ್ರೀಪಾ."

ತಕ್ಷಣ ಗೌಡನು ಮೇಜು ಗುದ್ದಿ, "ಕೇಳಿದ್ರ್ಯಾ? ಮಿತಿ ಏರಸ್ರಿ ಅಂತ ನೀಲವ್ವನ ಹೇಳಾಕತ್ತಾಳ!" ಎಂದನು. ಸಾಹುಕಾರನು ಇನ್ನೂ ಜೋರಾಗಿ ಗುದ್ದಿ, "ಕೇಳಿದ್ರ್ಯಾ? ರೊಕ್ಕ ಹೆಂಗ ಪೋಲ ಆಗತೈತಿ ಅಂತ ನೀಲವ್ವನ ಹೇಳಾಕತ್ತಾಳ!" ಎಂದನು. ಎರಡೂ ಕಡೆಯವರು ಚಪ್ಪಾಳೆ ತಟ್ಟಿದರು. ನೀಲವ್ವ ಚಹಾ ಕೊಟ್ಟು, ಕಪ್ಪು ತೊಳೆಯಲು ನೀರಿಲ್ಲವೆಂದು ಕಾಗದದ ಕಪ್ಪುಗಳನ್ನು ಅಲ್ಲಿಯೇ ಬಿಟ್ಟು ಹೋದಳು.

ಮಾರ್ಚ್ ಮೂವತ್ತೊಂದಕ್ಕೆ, ಮಿತಿಯೂ ಸೇರಿದಂತೆ ಮುಂಗಡಪತ್ರದ ಅಂತಿಮ ಮತದಾನವೆಂದು ನಿಶ್ಚಯವಾಯಿತು. ಅಂದು ಮುಂಗಡಪತ್ರ ಪಾಸಾಗದಿದ್ದರೆ ಮರುದಿನದಿಂದ ಪುರಸಭೆಯು ಒಂದು ಬಲ್ಬನ್ನೂ ಕೊಳ್ಳುವಂತಿಲ್ಲ ಎಂದು ಮುಖ್ಯಾಧಿಕಾರಿ ಜಯಣ್ಣನವರು ಎಚ್ಚರಿಸಿದರು. ಇವರು ತುಮಕೂರು ಕಡೆಯವರು, ವರ್ಗಾವಣೆಗಾಗಿ ದಿನಾ ದೇವರಿಗೆ ದೀಪ ಹಚ್ಚುವವರು. ಇಂಥ ಸಂಧಿಕಾಲದಲ್ಲಿ ಗೌಡನ ಪಾಳೆಯದ ಫಕೀರಪ್ಪ ಹಳ್ಯಾಳ ಎಂಬ ವೀರನು ಸಾಹುಕಾರನ ಅಳಿಯನೊಡನೆ ನಿಂತು ಮಿರ್ಚಿ ಭಜಿ ತಿಂದದ್ದನ್ನು ಯಾರೋ ನೋಡಿದರು. ಫಕೀರಪ್ಪನಿಗೆ ಮಿರ್ಚಿಯ ಮೇಲಲ್ಲದೆ ಇನ್ನಾವುದರ ಮೇಲೂ ನಿಷ್ಠೆಯಿಲ್ಲವೆಂಬುದು ಲೋಕಪ್ರಸಿದ್ಧ. ಆದರೂ ಗೌಡನ ನಿದ್ದೆ ಹಾರಿತು. ಗೌಡನ ನಿದ್ದೆ ಹಾರಿದ್ದನ್ನು ಕೇಳಿ, ಇದು ತನ್ನ ಕಡೆಯವನೊಬ್ಬನನ್ನು ಎಳೆಯುವ ತಂತ್ರವೆಂದು ಸಾಹುಕಾರನ ನಿದ್ದೆಯೂ ಹಾರಿತು.

ಅನಾದಿಕಾಲದಿಂದ ಈ ನಾಡಿನ ರಾಜಕಾರಣಿಗಳು ಇಂಥ ವಿಪತ್ತಿನಲ್ಲಿ ಪ್ರಯೋಗಿಸುತ್ತ ಬಂದ ಬ್ರಹ್ಮಾಸ್ತ್ರವೊಂದೇ, ಅದು ರೆಸಾರ್ಟು. ತನ್ನ ಸೈನ್ಯವನ್ನು ಶತ್ರುವಿನ ಕಣ್ಣಿಗೆ ಬೀಳದ ಕಾಡಿನಲ್ಲಿ ಬಚ್ಚಿಟ್ಟು, ತಿನ್ನಿಸಿ, ಕುಡಿಸಿ, ಮತದಾನದ ಹೊತ್ತಿಗೆ ಸೀದಾ ಸಭೆಗೆ ತಂದಿಳಿಸುವುದು. ಎಂದಿನಂತೆ ಎರಡೂ ಕಡೆಯ ವೀರರ ಮೊಬೈಲುಗಳನ್ನೆಲ್ಲ ಒಂದೊಂದು ಅಕ್ಕಿಚೀಲದಲ್ಲಿ ಕಟ್ಟಲಾಯಿತು. ಗೌಡನ ಬಸ್ಸು ಒಂದು ಮಧ್ಯಾಹ್ನ ಮದುವೆಗೆಂದು ಉತ್ತರಕ್ಕೆ ಹೊರಟಿತು. ಸಾಹುಕಾರನ ಬಸ್ಸು ಅದೇ ಮಧ್ಯಾಹ್ನ ದೇವರ ದರ್ಶನಕ್ಕೆಂದು ದಕ್ಷಿಣಕ್ಕೆ ಹೊರಟಿತು. ಊರು ಸುತ್ತಿ ಬಳಸಿ, ಕಾಡು ಹೊಕ್ಕು, ಸಂಜೆಯ ಹೊತ್ತಿಗೆ ಕಾಳಿ ನದಿಯ ದಂಡೆಯ 'ಜಲವಿಹಾರ' ಎಂಬ ರೆಸಾರ್ಟಿನ ಗೇಟಿನಲ್ಲಿ ಎರಡೂ ಬಸ್ಸುಗಳು ಮೂತಿಗೆ ಮೂತಿ ತಾಗಿಸಿ ನಿಂತವು.

ಕರಿಬೆಟಗೇರಿಯಲ್ಲಿ ಬಸ್ಸು ಕೊಡಿಸಿ ರೂಮು ಹಿಡಿಯುವವನು ಒಬ್ಬನೇ, ಟ್ರಾವೆಲ್ಸಿನ ಮಾರುತಿ ಘಾಟಗೆ. ಇಬ್ಬರೂ ಹೋಗಿದ್ದು ಅವನ ಬಳಿಗೇ. ರೂಮು ತೋರಿಸಲು ಮೊದಲೇ ಬಂದು ಗೇಟಿನಲ್ಲಿ ನಿಂತಿದ್ದವನ ಕೊರಳಪಟ್ಟಿ ಹಿಡಿದಾಗ ಅವನು ಶಾಂತನಾಗಿ ಹೇಳಿದನು: "ಗೌಡ್ರ, ಗುಟ್ಟಾಗಿ ಇಡು ಅಂದ್ರಿ, ಸಾವ್ಕಾರ್ರಿಗೆ ಹೇಳಲಿಲ್ಲ. ಸಾವ್ಕಾರ್ರ, ಗುಟ್ಟಾಗಿ ಇಡು ಅಂದ್ರಿ, ಗೌಡ್ರಿಗೆ ಹೇಳಲಿಲ್ಲ. ನನ್ನ ಬಾಯಿ ಹೆಂಗಿರಬೇಕಿತ್ತ ಹೇಳ್ರಿ?" ಹಿಂದಿರುಗೋಣವೆಂದರೆ ಸುತ್ತಲೆಲ್ಲೂ ರೂಮಿಲ್ಲ. ಮೇಲಾಗಿ ಮೊದಲು ಗೇಟು ಬಿಟ್ಟವನು ಹೆದರಿ ಓಡಿದನೆಂಬ ಅಪಕೀರ್ತಿ. ಆದ್ದರಿಂದ ಎರಡು ಸೈನ್ಯಗಳೂ ಒಳಹೊಕ್ಕು, ನಡುವೆ ಈಜುಕೊಳವನ್ನು ಗಡಿಯಾಗಿ ಇಟ್ಟುಕೊಂಡು ಬೀಡುಬಿಟ್ಟವು.

ಆಹಾ ಆ ಈಜುಕೊಳ! ನೀಲಮಣಿಸದೃಶ, ತುಂಬಿ ತುಳುಕುವ, ಇಡೀ ಕರಿಬೆಟಗೇರಿಗೆ ಎರಡು ದಿನ ಸಾಲುವಷ್ಟು ನೀರು. ಅದನ್ನು ಕಂಡೊಡನೆ ವೀರರು ಗಡಿಯನ್ನು ಮರೆತರು. ರೆಸಾರ್ಟಿನವರು ಕೊಟ್ಟ ಹಳದಿ ಬನಿಯನ್ನು ತೊಟ್ಟು, ಬಣ್ಣದ ಶಾಲುಗಳನ್ನೆಲ್ಲ ದಂಡೆಯಲ್ಲಿ ಬಿಚ್ಚಿಟ್ಟು, ಇಪ್ಪತ್ತೆರಡು ಹೊಟ್ಟೆಗಳು ಧಡಧಡನೆ ನೀರಿಗೆ ಬಿದ್ದವು. ಮರುದಿನ ಸಂಜೆ ತಲೆ ಎಣಿಸಲು ಬಂದ ಗೌಡನಿಗೆ ಹನ್ನೊಂದು ಸಿಕ್ಕಿತು. ಆಮೇಲೆ ನೋಡಿದರೆ ಅದರಲ್ಲಿ ನಾಲ್ವರು ಸಾಹುಕಾರನವರು. ಸಾಹುಕಾರನ ಹನ್ನೊಂದರಲ್ಲಿ ರೆಸಾರ್ಟಿನ ಅಡುಗೆಯವನೊಬ್ಬನು ಸೇರಿದ್ದನು. ಫಕೀರಪ್ಪ ಯಾರ ಲೆಕ್ಕದಲ್ಲೂ ಇರಲಿಲ್ಲ. ಹುಡುಕಿದರೆ ತನ್ನ ರೂಮಿನ ಬಚ್ಚಲಲ್ಲಿ ಷವರಿನ ಕೆಳಗೆ ಮಧ್ಯಾಹ್ನದಿಂದ ನಿಂತವನು ಹೊರಗೇ ಬಂದಿರಲಿಲ್ಲ. "ಗೌಡ್ರ, ಯಪ್ಪಾ, ತಿರುವಿದ್ರ ಬರತೈತ್ರಿ! ಯಾವಾಗ ತಿರುವಿದ್ರೂ ಬರತೈತ್ರಿ!" ಎಂದು ಅವನು ಒಳಗಿನಿಂದಲೇ ಕೂಗಿದನು.

ಇಲ್ಲಿ ಕಥೆಗಾರನಾದ ನನಗೆ ಹೊಟ್ಟೆ ಉರಿಯಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅದೇ ಹೊತ್ತಿನಲ್ಲಿ ನೀಲವ್ವ ತನ್ನ ಮಳಿಗೆಯ ಮುಂದೆ ಟ್ಯಾಂಕರಿನವನ ಹತ್ತಿರ ಚೌಕಾಶಿ ಮಾಡುತ್ತ, ಅರ್ಧ ಟ್ಯಾಂಕು ಮಾತ್ರ ಕೊಡು, ಉಳಿದರ್ಧಕ್ಕೆ ನನ್ನ ಹತ್ತಿರ ಇಲ್ಲ ಎನ್ನುತ್ತಿದ್ದಳು. ಎಣ್ಣೆಗಾಯಿ ಪಲ್ಯ ನಿಲ್ಲಿಸಿದ್ದಳು, ಬದನೆ ತೊಳೆಯಲು ನೀರು ಬೇಕೆಂದು. ಕಾವ್ಯದಲ್ಲಿ ಇಂಥದಕ್ಕೆ ವೃತ್ತ, ಕಂದ ಯಾವುದೂ ಸರಿಹೊಂದದು, ಆದ್ದರಿಂದ ಮುಂದೆ ಸಾಗುತ್ತೇನೆ.

ಮೂವತ್ತರ ಬೆಳಗ್ಗೆ ಇಡ್ಲಿ ವಡೆಯ ಉಪಾಹಾರ ಮುಗಿದೊಡನೆ ಮ್ಯಾನೇಜರನು, ಆ ಕರಾವಳಿಯ ಮೃದುಭಾಷಿ, ಎರಡು ಪಾಳೆಯಗಳ ನಡುವೆ ಬಂದು ನಿಂತು ಒಂದು ಬಿಲ್ಲನ್ನು ಚಾಚಿದನು. "ಎರಡೂ ಗ್ರೂಪಿಂದೂ ಒಂದೇ ಬಿಲ್ ಮಾಡಿದ್ದೆ ಸರ್, ಅಡ್ಡಿಲ್ಲ ಅಲಾ?" ಅಡ್ಡಿಯಿತ್ತು. ಗೌಡನು ಜಿಲ್ಲೆಯ ನಾಯಕರು ಕೊಡುವರೆಂದು ನಂಬಿದ್ದನು. ಸಾಹುಕಾರನೂ ತನ್ನ ಜಿಲ್ಲೆಯ ನಾಯಕರನ್ನು ನಂಬಿದ್ದನು. ಮ್ಯಾನೇಜರನ ಫೋನಿನಿಂದ ಇಬ್ಬರೂ ಕರೆ ಮಾಡಿದರು. ಎರಡೂ ಜಿಲ್ಲಾ ನಾಯಕರು ಆ ಕ್ಷಣದಿಂದ ವ್ಯಾಪ್ತಿಯ ಹೊರಗೆ ಹೋದರು. ಬಸ್ಸುಗಳ ಚಾವಿಗಳೂ ಅಕ್ಕಿಚೀಲಗಳೂ ಮ್ಯಾನೇಜರನ ಮೇಜಿನ ಕೆಳಗೆ ಸೇರಿದವು. ಹಣ ಬಂದ ಮೇಲೆ ಕೊಡುತ್ತೇನೆಂದು ಅವನು ಅಷ್ಟೇ ಮೃದುವಾಗಿ ಹೇಳಿದನು.

ಆಗ ಕಂಡೆವು ನಾವು, ಯುಗಯುಗಗಳಲ್ಲಿ ಕಾಣದ ದೃಶ್ಯವನ್ನು. ಬದ್ಧವೈರಿಗಳಿಬ್ಬರೂ ಪ್ಯಾಂಟು ಮಡಚಿ, ಈಜುಕೊಳದ ದಂಡೆಯಲ್ಲಿ ನೀರಿಗೆ ಕಾಲಿಳಿಬಿಟ್ಟು ಪಕ್ಕಪಕ್ಕದಲ್ಲಿ ಕುಳಿತರು. ಮೂರು ತಿಂಗಳಲ್ಲಿ ಬಗೆಹರಿಯದ ತೊಡಕು ಒಂದು ಚಹಾ ಆರುವಷ್ಟರಲ್ಲಿ ಬಗೆಹರಿಯಿತು.

"ಗೌಡ್ರ, ಮಿತಿ ಸ್ವಲ್ಪ ಏರಸೋಣ ಬಿಡ್ರಿ," ಎಂದನು ಏರದು, ಏರದು, ಏರದು ಎಂದಿದ್ದ ಸಾಹುಕಾರ.

"ಭಾಳ ಏರಸೂದ ಬ್ಯಾಡ್ರಿ ಸಾವ್ಕಾರ್ರ. ಮಂದಿ ಏನಂದಾರು. ಬಿಲ್ಲಿನಷ್ಟ ಏರಸೋಣು," ಎಂದನು ಸಾಗರವನ್ನೇ ಕಡೆಯಹೊರಟಿದ್ದ ಗೌಡ.

"ಬಿಲ್ ಯಾವ ಲೆಕ್ಕಕ್ಕ ಹಾಕೂದು?"

ಗೌಡನು ಕಾಲಿನಿಂದ ನೀರನ್ನು ಒಮ್ಮೆ ಚಿಮ್ಮಿ, ಒಂದು ಗಳಿಗೆ ಧ್ಯಾನಸ್ಥನಾಗಿ, ಹೇಳಿದನು: "ನೀರು ನಿರ್ವಹಣೆ ಅಧ್ಯಯನ ಪ್ರವಾಸ."

ಮಾರುತಿ ಘಾಟಗೆ ಜಾಮೀನು ನಿಂತನು. ಬಸ್ಸುಗಳು ಒಂದರ ಹಿಂದೊಂದು ಹೊರಟವು. ಮೂವತ್ತೊಂದರಂದು ಸಭಾಭವನದಲ್ಲಿ ಇಪ್ಪತ್ತೆರಡು ಕೈಗಳು ಒಟ್ಟಿಗೆ ಮೇಲೆದ್ದವು. ಯಾವ ಪುರಸಭೆಯ ಚರಿತ್ರೆಯಲ್ಲೂ ಇಲ್ಲದ ಸರ್ವಾನುಮತ! ಮೇಜುಗಳು ದುಂದುಭಿಗಳಂತೆ ಮೊಳಗಿದವು. ಗೌಡನು ಸಾಹುಕಾರನಿಗೆ ಶಾಲು ಹೊದಿಸಿದನು, ಸಾಹುಕಾರನು ಗೌಡನಿಗೆ ಹಾರ ಹಾಕಿದನು. ಖಾಲಿ ಕುರ್ಚಿಗೂ ಒಂದು ಹಾರ ಬಿತ್ತು. ಠರಾವಿಗೆ ಸಹಿ ಹಾಕಿಸಿಕೊಳ್ಳುತ್ತ ಜಯಣ್ಣನವರು ಕನ್ನಡಕವನ್ನು ಹಣೆಗೇರಿಸಿ ಮೆಲ್ಲಗೆ ಕೇಳಿದರು.

"ಸಾರ್, ಇದು ಟೂರ್ ಬಿಲ್ಲಿಗೆ ಸರಿಹೋಯ್ತು. ಮೋಟ್ರು ವಿಚಾರ ಏನ್ ಬರ್ಕಳ್ಲಿ?"

"ಮೋಟಾರ?" ಎಂದನು ಗೌಡ.

"ಮೋಟಾರ ಹೆಂಗ್ರೀ ತರಾಕ ಬರತೈತಿ?" ಎಂದನು ಸಾಹುಕಾರ. "ಸಾಲದ ಮಿತಿ ಮುಟ್ಟೇತಲ್ಲ!"

ಮುಟ್ಟಿತ್ತು, ನಿಜ. ಬಿಲ್ಲಿನಷ್ಟೇ ಏರಿದ ಮಿತಿಯು ಬಿಲ್ಲು ಪಾವತಿಯಾದೊಡನೆ ಮತ್ತೆ ಅದೇ ಜಾಗದಲ್ಲಿ ಗೋಡೆಯಂತೆ ನಿಂತಿತ್ತು. ಮೋಟಾರಿನ ಬೆಲೆಯೂ ಆ ಬಿಲ್ಲೂ ಹೆಚ್ಚುಕಡಿಮೆ ಒಂದೇ ಎಂದು ಜಯಣ್ಣನವರು ಹೇಳಹೋಗಿ, ವರ್ಗಾವಣೆಯ ಅರ್ಜಿ ನೆನಪಾಗಿ ಸುಮ್ಮನಾದರು. ಮೋಟಾರು ಬೇಕೆಂದರೆ ಮಿತಿಯನ್ನು ಮತ್ತೆ ಏರಿಸಬೇಕು ಎಂದು ಗೌಡ ಹೇಳಿದನು. ನನ್ನ ಪ್ರಾಣವಿರುವವರೆಗೆ ಏರದು ಎಂದು ಸಾಹುಕಾರ ಹೇಳಿದನು. ಹೊದಿಸಿದ ಶಾಲು ಇನ್ನೂ ಹೆಗಲ ಮೇಲಿರುವಾಗಲೇ ಹನ್ನೊಂದು ಆ ಕಡೆ, ಹನ್ನೊಂದು ಈ ಕಡೆ ಆದವು. ಎಲ್ಲವೂ ಸಹಜ ಸ್ಥಿತಿಗೆ ಮರಳಿತೆಂದು ಊರ ಜನ ನಿಟ್ಟುಸಿರು ಬಿಟ್ಟರು.

ಪದ್ಧತಿಯ ಪ್ರಕಾರ ಈ ಕಥೆಯನ್ನು ಕೇಳಿದವರಿಗೆ, ಓದಿದವರಿಗೆ ದೊರೆಯುವ ಫಲವನ್ನು ಹೇಳಿ ನಾನು ಇಲ್ಲಿಗೆ ಮುಗಿಸಬೇಕು. ಫಲವೇನೂ ಇಲ್ಲ. ಹತ್ತು ದಿನಕ್ಕೊಮ್ಮೆ ಬರುವ ನೀರು ಹನ್ನೆರಡು ದಿನಕ್ಕೊಮ್ಮೆ ಬರುವುದು.

ಮರುದಿನ, ಏಪ್ರಿಲ್ ಒಂದರಂದು, ಮಧ್ಯಾಹ್ನದ ಹಸಿವಿಗೆ ಗೌಡನೂ ಸಾಹುಕಾರನೂ ಬೇರೆ ಬೇರೆ ದಿಕ್ಕಿನಿಂದ ಖಾನಾವಳಿಗೆ ಬಂದರು. ಬಾಗಿಲ ಮುಂದೆ ಟೆಂಪೊ ನಿಂತಿತ್ತು. ನೀಲವ್ವ ಹಂಚು, ಹಿಟ್ಟು ನಾದುವ ಕೊಣಮಿಗೆ, ಪಾತ್ರೆಗಳನ್ನು ಒಂದೊಂದಾಗಿ ತಂದು ಅದಕ್ಕೆ ತುಂಬುತ್ತಿದ್ದಳು.

"ಊಟ ಇಲ್ಲೇನ್ ನೀಲವ್ವ?" ಎಂದು ಗೌಡ ಕೇಳಿದನು.

"ಇಲ್ಲ್ರಿ ಗೌಡ್ರ. ಮುಚ್ಚೇನಿ. ಹುಬ್ಬಳ್ಳಿಗೆ ಹೊಂಟೇನಿ."

ಧಿಕ್ಕಾರ ಕೂಗಲು ಎದುರಿಗೆ ಯಾರೂ ಇರಲಿಲ್ಲ. ಮೂಲೆಯಲ್ಲಿ ಉಳಿದದ್ದು ಎದೆಯೆತ್ತರದ ನೀರಿನ ಡ್ರಮ್ಮು. ಅವಳು ಅದರತ್ತ ಬಗ್ಗಿದಾಗ, ಆ ಇಬ್ಬರು ಮಹಾರಥಿಗಳು ಒಟ್ಟಿಗೇ ಮುನ್ನುಗ್ಗಿದರು. ಗೌಡನು ಒಂದು ಕಡೆ ಹಿಡಿದನು, ಸಾಹುಕಾರನು ಇನ್ನೊಂದು ಕಡೆ. ಪಂಚೆ ಬಿಗಿದು, ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಪಕ್ಷಭೇದ ಮರೆತು ಅದನ್ನು ಮೇಲೆತ್ತಿದರು.

"ಅಷ್ಟ ಜೋರ ಹಾಕಬ್ಯಾಡ್ರೀಪಾ," ಎಂದಳು ನೀಲವ್ವ. "ಖಾಲಿ ಐತಿ."